ವೈರಸ್ ಅಲ್ಲದ್ದನ್ನು ವೈರಸ್ ಅಂದಾಗ: ನಾನು ನೋಡಿದ ದಾರಿಗಳು

'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ, ಅದರ ಫಾಂಟ್ ಇದ್ದರಷ್ಟೇ ಓದಬರುವ ಹಳೆಯ ಆಸ್ಕಿ ಕಡತಗಳನ್ನು ಎಲ್ಲ ಕಡೆ ಓದಬರುವ ಯೂನಿಕೋಡ್‌ಗೆ ತಿರುಗಿಸುವ ಸಣ್ಣ ಪ್ರೋಗ್ರಾಂ ಒಂದನ್ನು ಪೈಥಾನ್‌ನಲ್ಲಿ ಬರೆದಿದ್ದೆ. ಪೈಇನ್‌ಸ್ಟಾಲರ್ ಎಂಬ ಸಾಧನದಿಂದ ಅದನ್ನು, ಪೈಥಾನ್ ಇಲ್ಲದ ಕಂಪ್ಯೂಟರಿನಲ್ಲೂ ಓಡುವಂತೆ, ಒಂದೇ ಇಎಕ್ಸ್‌ಇ ಫೈಲ್ ಮಾಡಿ, ಡಿಟಿಪಿ ಮಾಡುವ ಗೆಳೆಯರೊಬ್ಬರಿಗೆ ಪೆನ್‌ಡ್ರೈವ್‌ನಲ್ಲಿ ಕೊಟ್ಟೆ. ಡಬಲ್ ಕ್ಲಿಕ್ ಮಾಡಿದ್ದೇ ತಡ, ಆಂಟಿವೈರಸ್ ಅದನ್ನು ಟ್ರೋಜನ್ (ಒಳ್ಳೆಯದರ ವೇಷ ಹಾಕಿದ ಕೆಟ್ಟ ಪ್ರೋಗ್ರಾಂ) ಎಂದು ಕ್ವಾರಂಟೈನ್‌ಗೆ ಹಾಕಿತು, ಅಂದರೆ ಓಡದಂತೆ ಬೇರೆ ಕಡೆ ಕೂಡಿಟ್ಟಿತು. "ಏನ್ ಸಾರ್, ವೈರಸ್ ಕೊಟ್ರಾ?" ಅಂದರು. ತುಂಬ ಬೇಜಾರಾಯಿತು.

ಒಂದೇ ಫೈಲಿನ ಅನುಕೂಲ ದೊಡ್ಡದು, ನಿಜ. ಆದರೆ ಅದು ಪ್ರತಿಸಲ ಶುರುವಾಗುವಾಗ ಒಳಗಿರುವುದನ್ನೆಲ್ಲ ಟೆಂಪ್ ಫೋಲ್ಡರಿನಲ್ಲಿ ಬಿಚ್ಚಿಕೊಂಡು ಅಲ್ಲಿಂದ ಓಡುತ್ತದೆ. ಎಷ್ಟೋ ಮಾಲ್‌ವೇರ್‌ಗಳ (ಹಾನಿ ಮಾಡುವ ಪ್ರೋಗ್ರಾಂಗಳ) ಚಾಳಿಯೂ ಇದೇ. ಮೇಲಾಗಿ ಪೈಇನ್‌ಸ್ಟಾಲರ್ ಜೊತೆಗೆ ಸಿದ್ಧವಾಗಿ ಬರುವ ಬೂಟ್‌ಲೋಡರನ್ನು (ಇಎಕ್ಸ್‌ಇ ತೆರೆದಾಗ ಮೊದಲು ಓಡಿ ನಮ್ಮ ಪ್ರೋಗ್ರಾಮನ್ನು ಶುರುಮಾಡುವ ತುಣುಕನ್ನು) ಮಾಲ್‌ವೇರ್ ಬರೆಯುವವರೂ ಬಳಸುತ್ತಾರೆ. ಅವರನ್ನು ಹಿಡಿಯಲು ಮಾಡಿದ ಗುರುತು ನಮ್ಮನ್ನೂ ಹಿಡಿಯುತ್ತದೆ. ಇಎಕ್ಸ್‌ಇ ಫೈಲಿನ ಗಾತ್ರ ಇಳಿಸುವ ಯುಪಿಎಕ್ಸ್ ಎಂಬ ಸಾಧನದಿಂದ ಕುಗ್ಗಿಸಿದರಂತೂ ಅನುಮಾನ ಇನ್ನಷ್ಟು. ಯುಪಿಎಕ್ಸನ್ನು ಮೊದಲು ಕೈಬಿಟ್ಟೆ.

ಆಮೇಲೆ ಅದೇ ಪ್ರೋಗ್ರಾಮನ್ನು ಫೋಲ್ಡರ್ ರೂಪದಲ್ಲಿ ಕಟ್ಟಿದೆ, ಅಂದರೆ ಇಎಕ್ಸ್‌ಇ ಮತ್ತು ಅದಕ್ಕೆ ಬೇಕಾದ ಫೈಲುಗಳೆಲ್ಲ ಒಂದೇ ಫೋಲ್ಡರಿನಲ್ಲಿರುವಂತೆ. ಟೆಂಪ್‌ನಲ್ಲಿ ಬಿಚ್ಚುವ ಕೆಲಸವಿಲ್ಲ, ಬೇಗ ತೆರೆಯುತ್ತದೆ, ಗೆಳೆಯರ ಆಂಟಿವೈರಸ್ ಸುಮ್ಮನಿತ್ತು. ತೊಂದರೆ ಬೇರೆ ಕಡೆ: ಇಎಕ್ಸ್‌ಇ ಒಂದನ್ನೇ ಡೆಸ್ಕ್‌ಟಾಪ್‌ಗೆ ಕಾಪಿ ಮಾಡಿಕೊಂಡು "ಓಡ್ತಿಲ್ಲ" ಅನ್ನುತ್ತಾರೆ. ಶಾರ್ಟ್‌ಕಟ್ ಮಾಡಿಕೊಟ್ಟ ಮೇಲೆ ಸರಿಹೋಯಿತು.

ನುಯಿಟ್ಕಾ ಎಂಬ ಇನ್ನೊಂದು ಸಾಧನವನ್ನೂ ನೋಡಿದೆ. ಅದು ಪೈಥಾನನ್ನು ಸಿ ಭಾಷೆಗೆ ತಿರುಗಿಸಿ ಕಂಪೈಲ್ ಮಾಡುತ್ತದೆ (ಯಂತ್ರಭಾಷೆಗೆ ಇಳಿಸುತ್ತದೆ). ಕಟ್ಟಲು ಬಹಳ ಹೊತ್ತು ಹಿಡಿಯಿತು, ನನ್ನ ಸಣ್ಣ ಪ್ರೋಗ್ರಾಮಿಗೆ ಅಷ್ಟು ಕಾಯುವುದು ದಂಡ ಅನ್ನಿಸಿತು.

ಆಂಟಿವೈರಸ್ ತಯಾರಕರಿಗೆ ಫೈಲ್ ಕಳಿಸಿ "ಇದು ತಪ್ಪು ಪತ್ತೆ" ಎಂದು ತಿಳಿಸುವುದೂ ಒಳ್ಳೆಯ ದಾರಿಯೇ. ಆದರೆ ಕೋಡ್‌ನಲ್ಲಿ ಒಂದು ಅಕ್ಷರ ಬದಲಾದರೂ ಫೈಲಿನ ಹ್ಯಾಶ್ (ಒಳಗಿರುವುದರಿಂದ ಲೆಕ್ಕ ಹಾಕಿದ, ಬೆರಳಚ್ಚಿನಂಥ ಗುರುತು) ಬದಲಾಗುತ್ತದೆ. ಹೊಸ ಆವೃತ್ತಿಗೆ ಮತ್ತೆ ಅವರಿಗೆ ಬರೆಯಬೇಕಾಗಬಹುದು.

ಕೆಲವರು ಸುಲಭವಾಗಿ ಹೇಳುವ ಉಪಾಯ, ಆ ಫೋಲ್ಡರನ್ನು ಸ್ಕ್ಯಾನ್‌ನಿಂದ ಹೊರಗಿಡಿ ಅಂತ. ಇದನ್ನು ನಾನು ಯಾರಿಗೂ ಹೇಳಲಾರೆ. ನಾಳೆ ಅದೇ ಫೋಲ್ಡರಿಗೆ ನಿಜವಾದ ವೈರಸ್ ಬಂದು ಕೂತರೆ ಕೇಳುವವರಿಲ್ಲ. ಡಿಟಿಪಿ ಅಂಗಡಿಗೆ ದಿನವೂ ಹತ್ತಾರು ಜನರ ಪೆನ್‌ಡ್ರೈವ್ ಬರುತ್ತದೆ.

ಗೆಳೆಯರ ಬಳಿ ಈಗಿರುವುದು ಫೋಲ್ಡರ್ ರೂಪವೇ. ಹೊಸ ಆವೃತ್ತಿ ಕೊಡುವ ಮುಂಚೆ ಹಲವು ಆಂಟಿವೈರಸ್ ಎಂಜಿನ್‌ಗಳಿಂದ ಫೈಲ್ ಪರೀಕ್ಷಿಸುವ ವೈರಸ್‌ಟೋಟಲ್ ಜಾಲತಾಣಕ್ಕೆ ಹಾಕಿ, ಎಷ್ಟು ಎಂಜಿನ್‌ಗಳು ಕೆಂಪು ತೋರಿಸುತ್ತವೆ ಎಂದು ನೋಡಿಕೊಳ್ಳುತ್ತೇನೆ. ಗ್ರಾಹಕರ ಕಡತಗಳನ್ನು ಮಾತ್ರ ಅಲ್ಲಿಗೆ ಹಾಕುವುದಿಲ್ಲ. ಹಾಕಿದ್ದು ಆಂಟಿವೈರಸ್ ಕಂಪನಿಗಳ ಕೈಗೂ ಹೋಗುತ್ತದೆ.