ಎರಡು ಮಳೆಗಾಲ ಕಂಡ ಸೌರ ಬ್ಯಾಟರಿ

ಧಾರವಾಡದ ನಮ್ಮ ಮನೆಯ ತಾರಸಿಯ ಮೇಲೆ 2021ರಿಂದ ಮೂರು ಕಿಲೋವ್ಯಾಟ್ ಸೌರ ಫಲಕಗಳಿವೆ. ಮೊದಲ ಬೇಸಿಗೆಯಲ್ಲೇ ಪೆಚ್ಚಾದೆ: ಮಟಮಟ ಮಧ್ಯಾಹ್ನ, ಮೇಲೆ ಉರಿಬಿಸಿಲು, ಕರೆಂಟ್ ಹೋದ ಕೂಡಲೇ ಕೆಳಗೆ ಫ್ಯಾನ್ ನಿಂತಿತು. ಗ್ರಿಡ್‌ಗೆ (ಬೀದಿಯ ವಿದ್ಯುತ್ ಜಾಲಕ್ಕೆ) ಜೋಡಿಸಿದ ಇನ್ವರ್ಟರ್ ಮಾಡಬೇಕಾದದ್ದೇ ಅದು. ದುರಸ್ತಿಗೆಂದು ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ತಾರಸಿಯ ವಿದ್ಯುತ್ ಹೊಡೆಯಬಾರದಲ್ಲ! ಆದರೆ ಇದನ್ನು ಮಾರುವಾಗ ಯಾರೂ ಹೇಳಿರಲಿಲ್ಲ.

2024ರ ಜನವರಿಯಲ್ಲಿ ಹಳೆಯದನ್ನು ತೆಗೆಸಿ 5 ಕಿಲೋವ್ಯಾಟ್‌ನ ಹೈಬ್ರಿಡ್ ಇನ್ವರ್ಟರ್ (ಫಲಕ, ಬ್ಯಾಟರಿ, ಗ್ರಿಡ್ ಮೂರನ್ನೂ ನಿಭಾಯಿಸುವಂಥದ್ದು) ಮತ್ತು 51.2 ವೋಲ್ಟ್, 100 ಆಂಪಿಯರ್ ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕಿಸಿದೆ. ಗುಣಿಸಿದರೆ 5.12 ಯೂನಿಟ್. ತಳದ ಶೇ. 10ನ್ನು ಮುಟ್ಟದೆ, ಇನ್ವರ್ಟರ್ ತಿನ್ನುವುದನ್ನೂ ಕಳೆದರೆ ಕೈಗೆ ಸಿಗುವುದು ನಾಲ್ಕು ಯೂನಿಟ್‌ಗಿಂತ ತುಸು ಹೆಚ್ಚು. ಫ್ರಿಜ್, ಮೂರು ಫ್ಯಾನ್, ದೀಪಗಳಿಗೆ ಒಂದು ರಾತ್ರಿ ಧಾರಾಳ.

ನಾನು ಮೋಸಹೋದದ್ದು ಬೇರೆ ಅಂಕಿಯಲ್ಲಿ. ಇನ್ವರ್ಟರ್ 5 ಕಿಲೋವ್ಯಾಟ್ ಎಂದು ನೀರಿನ ಮೋಟಾರನ್ನೂ ಬ್ಯಾಕಪ್ ಸಾಲಿಗೆ, ಅಂದರೆ ಕರೆಂಟ್ ಹೋದಾಗ ಬ್ಯಾಟರಿಯಿಂದ ನಡೆಯುವ ಸಾಲಿಗೆ, ಹಾಕಿಸಿದ್ದೆ. ನಲ್ಲಿಯ ನೀರು ದಿನವೂ ಬರುವುದಿಲ್ಲ. ಬಂದ ದಿನ ತೊಟ್ಟಿಯಿಂದ ಮೇಲಿನ ಟ್ಯಾಂಕಿಗೆ ಏರಿಸಲೇಬೇಕು. ಒಂದು ಬೆಳಿಗ್ಗೆ ಕರೆಂಟ್ ಇರಲಿಲ್ಲ, ಸೂರ್ಯ ಇನ್ನೂ ಮೇಲೆ ಬಂದಿರಲಿಲ್ಲ. ಒಂದು ಅಶ್ವಶಕ್ತಿಯ ಮೋಟಾರ್ ಒಮ್ಮೆ ಗುಂಯ್ ಎಂದಿತು, ಬ್ಯಾಟರಿಯೊಳಗೆ ಟಕ್ ಎಂಬ ಸದ್ದು, ಇಡೀ ಮನೆ ಸ್ತಬ್ಧ. ನನ್ನ ಬ್ಯಾಟರಿಯೊಳಗಿನ ರಕ್ಷಣಾ ಸರ್ಕ್ಯೂಟ್ ನಿರಂತರವಾಗಿ ಕೊಡಲು ಬಿಡುವುದು 50 ಆಂಪಿಯರ್, ಅಂದರೆ ಎರಡೂವರೆ ಕಿಲೋವ್ಯಾಟ್. ಮೋಟಾರ್ ಏಳುವ ಕ್ಷಣಕ್ಕೆ ಓಡುವಾಗಿನ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಇನ್ವರ್ಟರ್ ಎಷ್ಟು ದೊಡ್ಡದಾದರೇನು, ಹಿಂದಿನ ಬ್ಯಾಟರಿ ಕೊಡಬೇಕಲ್ಲ? ಮೋಟಾರನ್ನು ಮರುವಾರವೇ ಆ ಸಾಲಿನಿಂದ ತೆಗೆಸಿದೆ. ಕರೆಂಟ್ ಬರುವವರೆಗೆ ಕೊಡ ಹೊರುತ್ತೇವೆ.

ಎರಡನೆಯದು ಜೋಡಣೆಯ ತಪ್ಪು. ಬ್ಯಾಟರಿಯ ತಂತಿಗೆ ಮನೆಯಲ್ಲಿ ಬಳಸುವ ಮಾಮೂಲಿ ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನೇ ಕಡಿಯುವ ಸ್ವಿಚ್) ಹಾಕಿ ಹೋಗಿದ್ದರು. ಮನೆಗೆ ಬರುವ ಎಸಿ ವಿದ್ಯುತ್ ಸೆಕೆಂಡಿಗೆ ನೂರು ಸಲ ಸೊನ್ನೆಗಿಳಿಯುವುದರಿಂದ ಸ್ವಿಚ್ ಕಡಿದಾಗ ಏಳುವ ಕಿಡಿ ತಾನೇ ಆರುತ್ತದೆ. ಬ್ಯಾಟರಿ ಕೊಡುವ ಡಿಸಿಯಲ್ಲಿ ಆ ಸೊನ್ನೆಯೇ ಇಲ್ಲ, ಕಿಡಿ ಉರಿಯುತ್ತಲೇ ಇರಬಹುದು. ಜಗಳವಾಡಿ ಡಿಸಿ ಬ್ರೇಕರ್ ಹಾಕಿಸಿದೆ. ಬಿಚ್ಚಿದಾಗ ನೋಡಿದರೆ ತಂತಿಯ ತುದಿಯ ಒಂದು ಲಗ್ (ಲೋಹದ ಕೊಂಡಿ) ಸಡಿಲವಾಗಿ, ಅದರ ಮೇಲಿನ ಕೆಂಪು ಹೊದಿಕೆಯ ತೋಳು ಕಾವಿಗೆ ಕಂದು ಬಣ್ಣಕ್ಕೆ ತಿರುಗಿತ್ತು. ಈಗ ಆರು ತಿಂಗಳಿಗೊಮ್ಮೆ, ಎಲ್ಲವನ್ನೂ ಆರಿಸಿ, ಬಿಗಿಸುತ್ತೇವೆ.

ಬ್ಯಾಟರಿಯನ್ನು ಮೆಟ್ಟಿಲ ಮೇಲಿನ ತಗಡಿನ ಕೋಣೆಯಲ್ಲಿ ಇಡೋಣ ಎಂದಿದ್ದರು. ಏಪ್ರಿಲ್‌ನ ಆ ಕಾವಿನಲ್ಲಿ ಅದರ ಆಯುಷ್ಯ ಕರಗುವುದು ಖಚಿತ. ಪಡಸಾಲೆಯ ಉತ್ತರದ ಗೋಡೆಗೆ ತೂಗಿಸಿದೆ. ತಂತಿ ಉದ್ದವಾಯಿತು, ಮನೆಯವರು ಅಂದ ಕೆಟ್ಟಿತೆಂದರು.

ಜುಲೈ ಬಂದರೆ ಧಾರವಾಡದ ಜಿಟಿಜಿಟಿ ಮಳೆ ಗೊತ್ತಲ್ಲ. ಬೇಸಿಗೆಯಲ್ಲಿ ಹನ್ನೆರಡು ಯೂನಿಟ್ ಕೊಡುವ ಫಲಕಗಳು ಮೂರಕ್ಕಿಳಿಯುತ್ತವೆ. ಬ್ಯಾಟರಿ ವಾರಗಟ್ಟಲೆ ಪೂರ್ತಿ ತುಂಬಲಿಲ್ಲ. ಒಂದು ರಾತ್ರಿ ಪರದೆಯ ಮೇಲೆ ಶೇ. 38 ಎಂದಿತ್ತು, ಹತ್ತು ನಿಮಿಷದಲ್ಲಿ ಕತ್ತಲು. ಈ ಜಾತಿಯ ಬ್ಯಾಟರಿಯ ವೋಲ್ಟೇಜ್ ನಡುವೆ ಬಹಳ ಹೊತ್ತು ಸಮತಟ್ಟಾಗಿರುತ್ತದೆ, ಅದನ್ನು ನೋಡಿ ಉಳಿದದ್ದೆಷ್ಟೆಂದು ಹೇಳಲಾಗದು; ಲೆಕ್ಕ ಸರಿಹೋಗುವುದು ನೂರು ಮುಟ್ಟಿದಾಗಲೇ. ಆಗಿನಿಂದ ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಗ್ರಿಡ್‌ನಿಂದಲೇ ಪೂರ್ತಿ ತುಂಬಿಸುತ್ತೇನೆ, ಶೇ. 40ಕ್ಕಿಂತ ಕೆಳಗಿಳಿಯದಂತೆ ಕಟ್ಟಿಟ್ಟಿರುತ್ತೇನೆ.

ಬಿಲ್ ಇಳಿಸಲೆಂದು ಕೊಳ್ಳುವವರು ಕೊಳ್ಳಬೇಡಿ. ನೆಟ್ ಮೀಟರ್ (ಗ್ರಿಡ್‌ಗೆ ಕೊಟ್ಟದ್ದನ್ನು ಪಡೆದದ್ದರಿಂದ ಕಳೆಯುವ ಮೀಟರ್) ಇದ್ದವರಿಗೆ ಗ್ರಿಡ್ಡೇ ಉಗ್ರಾಣ. ನಾನು ಕೊಂಡದ್ದು ಕರೆಂಟ್ ಹೋದಾಗಿನ ನೆಮ್ಮದಿಯನ್ನು. ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಒಂದು ಆ ಕಂದು ಬಣ್ಣದ ತೋಳಿನ ಲೆಕ್ಕಕ್ಕೆ.