ಹಳೆಯ ಸಿನಿಮಾಗಳಿಗೆ ಸೆಕೆಂಡ್ ಹ್ಯಾಂಡ್ ಡಿವಿಡಿ: ಬಹುಕಾಲ ಬಳಸಿದ ಮೇಲೆ

ಹಳೆಯ ಚಿತ್ರಗಳನ್ನು ಇಷ್ಟಪಟ್ಟು ನೋಡುವವರು ಸೆಕೆಂಡ್ ಹ್ಯಾಂಡ್ ಡಿವಿಡಿಯನ್ನು ಈಗಲೂ ಧೈರ್ಯವಾಗಿ ಕೊಳ್ಳಬಹುದು. ಸ್ಟ್ರೀಮಿಂಗ್‌ನಲ್ಲಿ ಹಕ್ಕಿನ ಅವಧಿ ಮುಗಿದರೆ ಚಿತ್ರ ಕಾಣೆಯಾಗುತ್ತದೆ, ಡಿಸ್ಕ್ ಮಾತ್ರ ಕಪಾಟಿನಲ್ಲೇ ಇರುತ್ತದೆ. ಆದರೆ ಪೆಟ್ಟಿಗೆಯ ಅಂದ ನೋಡಿ ಕೊಳ್ಳಬೇಡಿ, ಡಿಸ್ಕ್ ಹೊರತೆಗೆದು ನೋಡಿ.

ದೀಪದ ಕೆಳಗೆ ಓರೆಯಾಗಿ ಹಿಡಿದರೆ ಗೀರುಗಳ ದಿಕ್ಕು ತಿಳಿಯುತ್ತದೆ. ನಡುವಿನಿಂದ ಅಂಚಿನ ಕಡೆಗೆ ನೇರವಾಗಿರುವ ಸಣ್ಣ ಗೀರಿಗೆ ಹೆದರಬೇಕಿಲ್ಲ. ಲೇಸರ್ ಅದನ್ನು ಕ್ಷಣದಲ್ಲಿ ದಾಟುತ್ತದೆ, ತಪ್ಪಿದ್ದನ್ನು ಪ್ಲೇಯರ್ ಸರಿಪಡಿಸಿಕೊಳ್ಳುತ್ತದೆ. ವೃತ್ತದ ಗುಂಟ ಬಿದ್ದ ಗೀರು ಹಾಗಲ್ಲ. ಅದು ಟ್ರ್ಯಾಕಿನ ಉದ್ದಕ್ಕೂ ಸಾಗುವುದರಿಂದ ಒಂದೇ ಕಡೆ ಬಹಳಷ್ಟು ಡೇಟಾ ಹೋಗಿ, ಚಿತ್ರ ಚೌಕಚೌಕವಾಗಿ ಒಡೆದು ನಿಂತುಬಿಡುತ್ತದೆ. ಡಿಸ್ಕನ್ನು ಸುತ್ತಿ ಸುತ್ತಿ ಒರೆಸಬಾರದು ಎನ್ನುವುದು ಇದಕ್ಕೇ. ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಹೊರಕ್ಕೆ ಒರೆಸಿ.

ನಡುವಿನ ರಂಧ್ರದ ಸುತ್ತ ಕೂದಲೆಳೆಯ ಬಿರುಕು ಕಂಡರೆ ಬಿಟ್ಟುಬಿಡಿ. ಪೆಟ್ಟಿಗೆಯ ಗುಂಡಿ ಒತ್ತದೆ ಡಿಸ್ಕನ್ನು ಬಾಗಿಸಿ ಎಳೆಯುವವರಿಂದ ಇದು ಆಗುತ್ತದೆ. ಬಿರುಕು ಹಬ್ಬುತ್ತಲೇ ಹೋಗುತ್ತದೆ, ಯಾವ ಪಾಲಿಷೂ ಅದನ್ನು ಕೂಡಿಸದು. ತಳ ನೇರಳೆ ಬಣ್ಣದಲ್ಲಿದ್ದರೆ ಅದು ಮನೆಯಲ್ಲಿ ಬರೆದ ಪ್ರತಿಯಿರಬಹುದು.

ಮನೆಗೆ ತಂದ ಕೂಡಲೇ ಆರಂಭ, ನಡುಭಾಗ, ಕೊನೆಯ ಅಧ್ಯಾಯ, ಈ ಮೂರು ಕಡೆ ಓಡಿಸಿ ನೋಡಿ. ಡೇಟಾದ ಮೊದಲ ಪದರ ಒಳಗಿನಿಂದ ಹೊರಕ್ಕೆ ಬರೆದಿರುತ್ತದೆ. 8.5 ಜಿಬಿಯ ಎರಡು ಪದರದ ಡಿಸ್ಕಿನಲ್ಲಿ ಪದರ ಬದಲಾಗುವುದು ಅಂಚಿನ ಹತ್ತಿರ, ಬೆರಳಿನ ಗುರುತು ಹೆಚ್ಚು ಬೀಳುವುದೂ ಅಲ್ಲೇ. ಪದರ ಬದಲಾಗುವಾಗ ಅರೆಕ್ಷಣ ನಿಂತರೆ ಅದು ದೋಷವಲ್ಲ.

ಚಿತ್ರದ ಗುಣಮಟ್ಟ ಫಿಲ್ಮಿನಿಂದ ಡಿಸ್ಕಿಗೆ ಮಾಡಿದ ವರ್ಗಾವಣೆಯ ಮೇಲೆ ನಿಂತಿದೆ. ಪೆಟ್ಟಿಗೆಯ ಹಿಂಬದಿಯಲ್ಲಿ 'ಅನಮಾರ್ಫಿಕ್' (ಅಗಲ ಚಿತ್ರವನ್ನು ಅಡ್ಡಕ್ಕೆ ಒತ್ತಿ ತುಂಬಿ, ಓಡಿಸುವಾಗ ಹಿಗ್ಗಿಸುವ ವಿಧಾನ) ಅಥವಾ '16:9' ಎಂದಿರುವುದನ್ನೇ ಆರಿಸಿ. ಹಾಗಿಲ್ಲದ ಹಳೆಯ ಡಿಸ್ಕಿನಲ್ಲಿ ಅಗಲ-ಎತ್ತರ 2.35:1 ಇರುವ ಚಿತ್ರಕ್ಕೆ, ಎನ್‌ಟಿಎಸ್‌ಸಿ (ಅಮೆರಿಕ, ಜಪಾನಿನ ಟಿವಿ ಮಾದರಿ) ಡಿಸ್ಕಿನ 480 ಅಡ್ಡಗೆರೆಗಳಲ್ಲಿ ದಕ್ಕುವುದು ಸುಮಾರು 270, ಅನಮಾರ್ಫಿಕ್‌ನಲ್ಲಾದರೆ ಸುಮಾರು 360. ದೊಡ್ಡ ಟಿವಿಯಲ್ಲಿ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. 1953ಕ್ಕೂ ಹಿಂದಿನ ಕಪ್ಪು-ಬಿಳುಪು ಚಿತ್ರಗಳಿಗೆ ಈ ಕಾಟವಿಲ್ಲ. ಅವುಗಳ ಚೌಕಟ್ಟು ಹೆಚ್ಚುಕಮ್ಮಿ 4:3 ಆದ್ದರಿಂದ ಗೆರೆಗಳೆಲ್ಲ ಚಿತ್ರಕ್ಕೇ ಸಿಗುತ್ತವೆ, ಡಿವಿಡಿ ಅವಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಪಾಲ್ (ಭಾರತ, ಯುರೋಪಿನ ಟಿವಿ ಮಾದರಿ) ಡಿಸ್ಕಿನಲ್ಲಿ ಸೆಕೆಂಡಿಗೆ 24 ಚೌಕಟ್ಟಿನ ಸಿನಿಮಾ ಸಾಮಾನ್ಯವಾಗಿ 25ರಲ್ಲಿ ಓಡುತ್ತದೆ. 100 ನಿಮಿಷದ್ದು 96ಕ್ಕೆ ಮುಗಿಯುತ್ತದೆ, ಶ್ರುತಿಯೂ ತುಸು ಏರಬಹುದು. ಸಂಗೀತಪ್ರಧಾನ ಚಿತ್ರವಾದರೆ ಎನ್‌ಟಿಎಸ್‌ಸಿ ಪ್ರತಿ ಹುಡುಕುವುದು ಮೇಲು. ಡಿಸ್ಕ್ ಯಾವ ಪ್ರದೇಶದ ಪ್ಲೇಯರ್‌ಗಳಲ್ಲಿ ಓಡುತ್ತದೆ ಎಂದು ಹೇಳುವ ರೀಜನ್ ಸಂಖ್ಯೆಯನ್ನೂ ಗಮನಿಸಿ. ಕಂಪ್ಯೂಟರ್ ಡ್ರೈವ್‌ಗಳಲ್ಲಿ ರೀಜನ್ ಬದಲಿಸಲು ಸಾಮಾನ್ಯವಾಗಿ 5 ಅವಕಾಶ ಮಾತ್ರ, ಆಮೇಲೆ ಕೊನೆಯದೇ ಖಾಯಂ.