ನಾಯಿ ತರಬೇತಿಯ ಜೊತೆಗೆ ಯಾವ ಸೇವೆ? ನಾಲ್ಕನ್ನು ನಡೆಸಿ ನೋಡಿದ ಹೋಲಿಕೆ

ನಾಯಿ ತರಬೇತಿಯ ವೃತ್ತಿಯಲ್ಲಿ ಸಂಪಾದನೆಗೆ ಒಂದು ವಿಚಿತ್ರವಾದ ಎಲ್ಲೆಯಿದೆ. ಪಾಠ ಚೆನ್ನಾಗಿ ಫಲಿಸಿದಷ್ಟೂ ಗ್ರಾಹಕರು ಬೇಗ ದೂರವಾಗುತ್ತಾರೆ. ಕರೆದರೆ ಬರುವ, ಲೀಶ್ ಜಗ್ಗದೆ ನಡೆಯುವ ನಾಯಿಯನ್ನು ಮತ್ತೆ ಕರೆತರಬೇಕಾದ ಕಾರಣ ಯಾರಿಗೂ ಇರುವುದಿಲ್ಲ. ದಿನಕ್ಕೆ ಐದಾರು ಪಾಠಗಳಿಗಿಂತ ಹೆಚ್ಚು ಮಾಡಿದರೆ ಕಲಿಸುವವರ ಗಮನವೇ ಸಡಿಲಗೊಳ್ಳುವುದರಿಂದ ಪಾಠಗಳ ಸಂಖ್ಯೆಯನ್ನು ಏರಿಸುವುದೂ ಆಗದ ಮಾತು. ಆದ್ದರಿಂದ ಗ್ರಾಹಕರಿಗೆ ಅನುಕೂಲವಾಗುವ ನಾಲ್ಕು ಸೇವೆಗಳನ್ನು ಮೂರು ವರ್ಷಗಳಲ್ಲಿ ಒಂದರ ನಂತರ ಒಂದರಂತೆ ಆರಂಭಿಸಿ ನೋಡಿದೆ: ನಾಯಿಯನ್ನು ಮನೆಯಿಂದ ಕರೆತಂದು ಮರಳಿ ಬಿಡುವುದು, ಮನೆಯವರು ಪ್ರವಾಸ ಹೋದಾಗ ಉಳಿಸಿಕೊಂಡು ಕಲಿಸುವುದು, ಸ್ನಾನ ಮಾಡಿಸಿ ಉಗುರು ಕತ್ತರಿಸುವುದು ಮತ್ತು ವಿಡಿಯೊ ಕರೆಯಲ್ಲಿ ಸಲಹೆ ನೀಡುವುದು. ಮೊದಮೊದಲು ಇವನ್ನು ಹಣದಿಂದಲೇ ಅಳೆಯುತ್ತಿದ್ದೆ. ಮೊದಲನೆಯ ಸೇವೆ ಆರಂಭವಾದ ಎರಡೇ ತಿಂಗಳಲ್ಲಿ ಆ ಅಳತೆಗೋಲನ್ನು ಬದಲಿಸಬೇಕಾಯಿತು.

ಕರೆತಂದು ಬಿಡುವ ವ್ಯವಸ್ಥೆಗೆ ಎಲ್ಲಕ್ಕಿಂತ ಹೆಚ್ಚು ಬೇಡಿಕೆಯಿತ್ತು, ಮೆಚ್ಚುಗೆಯೂ ಸಿಕ್ಕಿತು. ಆದರೆ "ನಿಮ್ಮ ಮಾತನ್ನು ಕೇಳುತ್ತದೆ, ನಮ್ಮ ಮಾತನ್ನು ಕೇಳುವುದಿಲ್ಲ" ಎಂಬ ದೂರು ಸಾಲುಸಾಲಾಗಿ ಬರತೊಡಗಿತು, ಮತ್ತು ಆ ದೂರು ನ್ಯಾಯವಾದದ್ದೇ ಆಗಿತ್ತು. ನಾಯಿ ಒಂದು ಪಾಠವನ್ನು ಕಲಿಯುವಾಗ ಆ ಜಾಗ, ಆ ವ್ಯಕ್ತಿ, ಆ ಕೈಸನ್ನೆ ಎಲ್ಲವನ್ನೂ ಸೇರಿಸಿಯೇ ಕಲಿಯುತ್ತದೆ. ನನ್ನ ಅಂಗಳದಲ್ಲಿ ಕಲಿತ "ಕೂರು" ಎಂಬ ಮಾತು ಅದರ ಮನೆಯ ಅಡುಗೆಕೋಣೆಗೆ ತಾನಾಗಿ ಹೋಗುವುದಿಲ್ಲ. ಸರಿಯಾದ ನಡತೆಗೆ ಒಂದೆರಡು ಸೆಕೆಂಡುಗಳೊಳಗೆ ಮೆಚ್ಚುಗೆ ತಲುಪಬೇಕೆಂಬ ಕೌಶಲವು ನಾಯಿಗಿಂತ ಹೆಚ್ಚಾಗಿ ಮನೆಯವರ ಕೈಗೆ ಬರಬೇಕಾದದ್ದು, ಅವರೇ ಬಾರದಿದ್ದರೆ ಕಲಿಸುವುದು ಯಾರಿಗೆ? ಇದಲ್ಲದೆ, ಮರಿಗಳಲ್ಲಿ ಹಲವಕ್ಕೆ ವಾಹನದ ಪ್ರಯಾಣ ಒಗ್ಗುವುದಿಲ್ಲ; ಜೊಲ್ಲು ಸುರಿಸುತ್ತಲೋ ವಾಂತಿ ಮಾಡಿಕೊಂಡೋ ಬಂದಿಳಿದ ಮರಿಗೆ ಅರ್ಧ ಗಂಟೆ ಏನನ್ನೂ ಹೇಳಿಕೊಡಲಾಗದು. ಬಿಸಿಲಿನ ಲೆಕ್ಕವಂತೂ ಇನ್ನೂ ಕಠಿಣವಾದದ್ದು. ಹೊರಗೆ 24 ಡಿಗ್ರಿ ಸೆಲ್ಸಿಯಸ್ ಇರುವ ಹಿತವಾದ ದಿನದಲ್ಲಿಯೂ, ಬಿಸಿಲಿನಲ್ಲಿ ನಿಲ್ಲಿಸಿ ಮುಚ್ಚಿದ ಕಾರಿನೊಳಗೆ ಹತ್ತು ನಿಮಿಷಗಳಲ್ಲಿ ಉಷ್ಣತೆ 34ರ ಹತ್ತಿರಕ್ಕೆ ಏರುತ್ತದೆ. ಎರಡನೆಯ ಮನೆಯ ಬಾಗಿಲು ತಟ್ಟಿ, ಮಾತಾಡಿ, ನಾಯಿಯನ್ನು ಹೊರಗೆ ತರುವಷ್ಟರಲ್ಲಿ ಮೊದಲನೆಯ ನಾಯಿಯನ್ನು ವಾಹನದಲ್ಲಿ ಒಂಟಿಯಾಗಿ ಬಿಡುವಂತಿಲ್ಲವೆಂದಾದರೆ ಪ್ರತಿ ಸುತ್ತಿಗೂ ಇಬ್ಬರು ಬೇಕಾಗುತ್ತಾರೆ, ಅಲ್ಲಿಗೆ ಲಾಭದ ಮಾತು ಮುಗಿಯಿತು.

ಉಳಿಸಿಕೊಂಡು ಕಲಿಸುವ ಸೇವೆ, ಅಂದರೆ ಬೋರ್ಡಿಂಗ್, ಅತಿ ಹೆಚ್ಚು ಹಣ ತಂದಿತು. ನಾಯಿ ನನ್ನ ಮಾತನ್ನು ಕೇಳಿ ಮನೆಯವರ ಮಾತನ್ನು ಕೇಳದಿರುವ ದೋಷ ಇದರಲ್ಲಿಯೂ ಇದೆ, ಇನ್ನೂ ದೊಡ್ಡದಾಗಿಯೇ ಇದೆ. ಆದರೆ ಪ್ರವಾಸ ಹೊರಟವರು ನಾಯಿಯನ್ನು ಎಲ್ಲಾದರೂ ಬಿಡಲೇಬೇಕಾಗಿರುವುದರಿಂದ, ನನ್ನಲ್ಲಿ ಬಿಟ್ಟರೆ ಪಾಠವನ್ನು ಕಳೆದುಕೊಂಡಂತೆ ಆಗುವುದಿಲ್ಲ. ಹೊಸ ಜಾಗಕ್ಕೆ ಬಂದ ನಾಯಿ ಮೊದಲ ಎರಡು ಮೂರು ದಿನ ಮಂಕಾಗಿರುತ್ತದೆ, ಸರಿಯಾಗಿ ತಿನ್ನುವುದಿಲ್ಲ. ಆ ಮೌನವನ್ನು ವಿಧೇಯತೆಯೆಂದು ತಿಳಿದು "ಎಷ್ಟು ಬೇಗ ಕಲಿಯಿತು" ಎಂದು ಮನೆಯವರಿಗೆ ಸಂದೇಶ ಕಳುಹಿಸಿ ನಾಚಿಕೆಪಟ್ಟಿದ್ದೇನೆ. ಆದ್ದರಿಂದ ವಾರಕ್ಕಿಂತ ಕಡಿಮೆ ದಿನಗಳಿಗೆ ಬಂದ ನಾಯಿಯನ್ನು ಈಗ ಸುಮ್ಮನೆ ನೋಡಿಕೊಳ್ಳುತ್ತೇನೆಯೇ ಹೊರತು ತರಬೇತಿಯ ಶುಲ್ಕ ಪಡೆಯುವುದಿಲ್ಲ.

ಬೋರ್ಡಿಂಗಿನ ನಿಜವಾದ ಭಾರ ರೋಗದ್ದು. ಕೆನಲ್ ಕಾಫ್ ಎಂದು ಕರೆಯುವ ಅಂಟುಕೆಮ್ಮು ತಗುಲಿದ 2ರಿಂದ 14 ದಿನಗಳ ನಂತರ ಕಾಣಿಸಿಕೊಳ್ಳುವುದರಿಂದ, ಬಾಗಿಲಲ್ಲಿ ಪರೀಕ್ಷಿಸಿದಾಗ ಚುರುಕಾಗಿದ್ದ ನಾಯಿ ಐದನೆಯ ದಿನ ಕೆಮ್ಮಲು ಆರಂಭಿಸಬಹುದು. ನನ್ನಲ್ಲಿ ಹಾಗೆಯೇ ಆಯಿತು, ಒಂದರಿಂದ ಮೂರಕ್ಕೆ ಹರಡಿತು. ಲಸಿಕೆಯಿದೆ, ಆದರೆ ಈ ಕೆಮ್ಮಿಗೆ ಕಾರಣವಾಗುವ ಸೂಕ್ಷ್ಮಜೀವಿಗಳು ಒಂದಕ್ಕಿಂತ ಹೆಚ್ಚಾಗಿರುವುದರಿಂದ ಲಸಿಕೆಯೊಂದೇ ಪೂರ್ಣ ಕಾವಲಾಗದು. ನಾಯಿಗಳಲ್ಲಿ ಮಾರಕ ವಾಂತಿ-ಭೇದಿ ತರುವ ಪಾರ್ವೊ ವೈರಾಣು ಇದಕ್ಕಿಂತ ಭಯಂಕರವಾದದ್ದು: ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಗಟ್ಟಿ ನೆಲವನ್ನು ಮೊದಲು ಚೆನ್ನಾಗಿ ತೊಳೆದು ಬ್ಲೀಚ್ ದ್ರಾವಣ ಹಾಕಿ ಶುದ್ಧಗೊಳಿಸಬಹುದಾದರೂ ಮಣ್ಣಿನ ಅಂಗಳವನ್ನು ಹಾಗೆ ಶುದ್ಧಗೊಳಿಸಲು ಬರುವುದಿಲ್ಲ. ಲಸಿಕೆಯ ಸರಣಿ ಮುಗಿಯದ ಮರಿಯನ್ನು ಎಷ್ಟೇ ಒತ್ತಾಯವಿದ್ದರೂ ರಾತ್ರಿ ಉಳಿಸಿಕೊಳ್ಳುವುದಿಲ್ಲ. ರಾತ್ರಿಗಳ ಮಾತೂ ಇದೆ. ಹಾಸಿಗೆಗೆ ಹೋದ ಮೇಲೆಯೂ ಕಿವಿ ಎಚ್ಚರವಾಗಿರುವ ಈ ಕೆಲಸವನ್ನು ಯಾವ ಶುಲ್ಕಪಟ್ಟಿಯಲ್ಲಿ ಬರೆಯುವುದೆಂದು ನನಗೆ ಇಂದಿಗೂ ತಿಳಿದಿಲ್ಲ.

ಸ್ನಾನ ಮತ್ತು ಉಗುರಿನ ಕೆಲಸವನ್ನು ಒಲ್ಲದ ಮನಸ್ಸಿನಿಂದಲೇ ಆರಂಭಿಸಿದೆ. ಕೂದಲು ಕಟ್ಟಿಕೊಂಡ ಮೋರಿ, ಒದ್ದೆ ಬಟ್ಟೆ, ಪರಚಿದ ಕೈ ಇವಿಷ್ಟೇ ಕಣ್ಣ ಮುಂದಿದ್ದವು. ಆದರೆ ನಾಲ್ಕರಲ್ಲಿ ಪಾಠದೊಂದಿಗೆ ಪೂರ್ತಿಯಾಗಿ ಬೆರೆತದ್ದು ಇದೊಂದೇ. ಮಡಚಿದ ಟವೆಲಿನ ಮೇಲೆ ಗದ್ದವಿಟ್ಟು ನಿಲ್ಲುವುದನ್ನು ನಾಯಿಗೆ ಮೊದಲು ಕಲಿಸುತ್ತೇನೆ. ಗದ್ದ ಟವೆಲಿನ ಮೇಲಿರುವವರೆಗೆ ಕೆಲಸ ನಡೆಯುತ್ತದೆ, ಎತ್ತಿದ ಕ್ಷಣವೇ ಕತ್ತರಿ ನಿಲ್ಲುತ್ತದೆ. ತನಗೆ ನಿಲ್ಲಿಸುವ ಅಧಿಕಾರವಿದೆಯೆಂದು ಅರಿತ ನಾಯಿ ಅದನ್ನು ದಿನಕಳೆದಂತೆ ಕಡಿಮೆ ಬಳಸುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಬಿಳಿ ಉಗುರಿನಲ್ಲಿ ಒಳಗಿನ ರಕ್ತನಾಳ ನಸುಗೆಂಪಾಗಿ ಕಾಣುತ್ತದೆ, ಕಪ್ಪು ಉಗುರಿನಲ್ಲಿ ಕಾಣುವುದಿಲ್ಲ. ಅಲ್ಲಿ ತೆಳುವಾದ ಬಿಲ್ಲೆಗಳಂತೆ ಕತ್ತರಿಸುತ್ತ ಹೋಗಿ, ಕತ್ತರಿಸಿದ ಮುಖದ ನಡುವೆ ಬೇರೆ ಬಣ್ಣದ ಚುಕ್ಕೆ ಕಂಡಾಗ ನಿಲ್ಲಿಸಬೇಕು. ಈ ಸೇವೆಯ ಕೊರತೆಯೆಂದರೆ ತಾಳ್ಮೆಯದು. ಸಾಮಾನ್ಯವಾಗಿ 18 ಉಗುರುಗಳಿರುವ ನಾಯಿಗೆ ಮೊದಲ ದಿನ ಎರಡನ್ನೇ ಕತ್ತರಿಸಿ ಕಳುಹಿಸಿದಾಗ ಕೆಲವರು ಮುಖ ಸಿಂಡರಿಸಿದರು, ಇಬ್ಬರು ಮರಳಿ ಬರಲೇ ಇಲ್ಲ. ಉಳಿದವರು ನಾಲ್ಕರಿಂದ ಆರು ವಾರಗಳಿಗೊಮ್ಮೆ ತಪ್ಪದೆ ಬರುತ್ತಾರೆ. ಪಾಠ ಮುಗಿಸಿ ದೂರವಾಗುತ್ತಿದ್ದ ನಾಯಿಗಳನ್ನು ವರ್ಷವಿಡೀ ನೋಡುತ್ತೇನೆ, ಲೀಶ್ ಜಗ್ಗುವ ಚಟ ಮರುಕಳಿಸಿದ್ದರೆ ಬಾಗಿಲಿನಲ್ಲಿಯೇ ಗೊತ್ತಾಗುತ್ತದೆ.

ವಿಡಿಯೊ ಸಲಹೆಗೆ ಖರ್ಚೇ ಇಲ್ಲವೆನ್ನಬಹುದು, ಹಣ ಕೊಡಲು ಮನಸ್ಸೂ ಯಾರಿಗೂ ಇಲ್ಲ. ಫೋನಿನಲ್ಲಿ ಮಾತಾಡಿದ್ದಕ್ಕೆ ಶುಲ್ಕವೇ ಎಂದು ಕೇಳುತ್ತಾರೆ. ಆದರೆ ಒಂದು ವಿಷಯದಲ್ಲಿ ಇದು ನಾನೇ ಮನೆಗೆ ಹೋಗುವುದಕ್ಕಿಂತಲೂ ಮೇಲು: ನಾನು ಒಳಗೆ ಕಾಲಿಟ್ಟರೆ ನಾಯಿಯ ನಡತೆ ಬದಲಾಗುತ್ತದೆ, ಕ್ಯಾಮೆರಾದ ಮುಂದೆ ಬದಲಾಗುವುದಿಲ್ಲ. ಒಂಟಿಯಾಗಿ ಬಿಟ್ಟಾಗ ಊಳಿಡುವ, ಬಾಗಿಲು ಪರಚುವ ನಾಯಿಗಳ ಸಂಕಟ ಸಾಮಾನ್ಯವಾಗಿ ಮನೆಯವರು ಹೊರಟ ಮೊದಲ ಅರ್ಧ ಗಂಟೆಯಲ್ಲಿಯೇ ತೋರುವುದರಿಂದ, ಅಷ್ಟು ಹೊತ್ತಿನ ಚಿತ್ರಣ ನೋಡಿದರೆ ಕಾರಣವನ್ನು ಬಹುಮಟ್ಟಿಗೆ ಊಹಿಸಬಹುದು. ಈ ಕರೆಗಳನ್ನು ಬಿಡಿಯಾಗಿ ಮಾರುವುದನ್ನು ಕೈಬಿಟ್ಟು, ತಲಾ 15 ನಿಮಿಷಗಳ ಎರಡು ಕರೆಗಳನ್ನು ಪಾಠದ ಶುಲ್ಕದಲ್ಲಿಯೇ ಸೇರಿಸಿದ್ದೇನೆ. ಆ ಮೇಲೆ ತಕರಾರು ಬಂದಿಲ್ಲ.

ಕೊರಳಪಟ್ಟಿ, ಲೀಶ್, ಹಾರ್ನೆಸ್ (ಎದೆಗೆ ತೊಡಿಸುವ ಪಟ್ಟಿ), ಆಟಿಕೆಗಳ ಮಾರಾಟವನ್ನೂ ಕೆಲವು ವಾರ ಮಾಡಿ ನಿಲ್ಲಿಸಿದೆ. ಕಪಾಟಿನಲ್ಲಿ ಹತ್ತು ಹಾರ್ನೆಸ್ ಕುಳಿತಿರುವಾಗ ಬಂದ ನಾಯಿಗೆಲ್ಲ ಹಾರ್ನೆಸ್ಸೇ ಬೇಕೆಂದು ತೋರತೊಡಗಿತ್ತು.

ಈಗ ಉಗುರು-ಸ್ನಾನದ ಮೇಜಿಗೆ ವಾರದಲ್ಲಿ ಎರಡು ಪೂರ್ತಿ ದಿನಗಳನ್ನು ಕೊಟ್ಟಿದ್ದೇನೆ. ಬೋರ್ಡಿಂಗಿಗೆ ಒಮ್ಮೆಗೆ ಎರಡು ನಾಯಿಗಳು ಮಾತ್ರ; ಮರಳಿಸುವ ಮುನ್ನ ಮನೆಯವರು ಎರಡು ಪಾಠಗಳಿಗೆ ಬರಲೇಬೇಕು, ಒಪ್ಪದಿದ್ದರೆ ಸೇರಿಸಿಕೊಳ್ಳುವುದಿಲ್ಲ. ವಾಹನದ ಸೇವೆಯನ್ನು ಅರ್ಧಕ್ಕೆ ಇಳಿಸಿದ್ದೇನೆ: ಬೆಳಿಗ್ಗೆ ಒಂದೇ ನಾಯಿಯನ್ನು ಹೋಗಿ ಕರೆತರುತ್ತೇನೆ, ಸಂಜೆ ಮನೆಯವರೇ ಬಂದು ಕರೆದುಕೊಂಡು ಹೋಗಬೇಕು. ಹೊರಡುವ ಮುನ್ನ ಅಂದಿನ ಪಾಠವನ್ನು ಅಂಗಳದಲ್ಲಿ ತಮ್ಮ ಕೈಯಿಂದ ಹತ್ತು ಸಲ ಮಾಡಿಸಿ ತೋರಿಸಿದ ಮೇಲೆಯೇ ಲೀಶನ್ನು ಅವರ ಕೈಗೆ ಕೊಡುತ್ತೇನೆ.